ಅಂಗಡಿ ಖಾಲಿ, ಮನೆಯ ಫ್ರಿಜ್ ಭರ್ತಿ: ಸೋವಿಯತ್ ಅಡುಗೆಮನೆಯ ಲೆಕ್ಕಾಚಾರ

ಬ್ರೆಜ್ನೆವ್ ಆಳ್ವಿಕೆಯ ಕಾಲದಲ್ಲಿ (1964-82) ಸೋವಿಯತ್ ಜನ ಅಡುಗೆಮನೆಯಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಹೇಳಿಕೊಂಡು ನಗುತ್ತಿದ್ದ ಒಂದು ಸರಪಳಿ ಜೋಕು ಇದೆ. ನಮ್ಮಲ್ಲಿ ನಿರುದ್ಯೋಗವಿಲ್ಲ, ಆದರೆ ಯಾರೂ ಕೆಲಸ ಮಾಡುವುದಿಲ್ಲ. ಯಾರೂ ಕೆಲಸ ಮಾಡುವುದಿಲ್ಲ, ಆದರೆ ಯೋಜನೆಯ ಗುರಿ ಮುಟ್ಟುತ್ತದೆ. ಗುರಿ ಮುಟ್ಟುತ್ತದೆ, ಆದರೆ ಅಂಗಡಿಯಲ್ಲಿ ಏನೂ ಸಿಗುವುದಿಲ್ಲ. ಅಂಗಡಿಯಲ್ಲಿ ಏನೂ ಸಿಗುವುದಿಲ್ಲ, ಆದರೆ ಎಲ್ಲರ ಮನೆಯ ಫ್ರಿಜ್ ತುಂಬಿದೆ. ಫ್ರಿಜ್ ತುಂಬಿದೆ, ಆದರೆ ಎಲ್ಲರಿಗೂ ಅಸಮಾಧಾನ. ಎಲ್ಲರಿಗೂ ಅಸಮಾಧಾನ, ಆದರೆ ಮತ ಹಾಕುವಾಗ ಎಲ್ಲರೂ ಕೈ ಎತ್ತುತ್ತಾರೆ.

ಇದರಲ್ಲಿ ನಾಲ್ಕನೆಯ ಕೊಂಡಿಯೇ ನಮ್ಮ ವಿಷಯ. ಅಂಗಡಿಯಲ್ಲಿ ಇಲ್ಲದ್ದು ಮನೆಗೆ ಹೇಗೆ ಬಂತು?

ಸೋವಿಯತ್ ಒಕ್ಕೂಟದ ಬಗ್ಗೆ ನಮ್ಮ ಕಡೆ ಎರಡು ಬಗೆಯ ಚಿತ್ರಗಳು ಬಂದು ತಲುಪಿವೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಅಲ್ಲಿಂದ ಬರುತ್ತಿದ್ದ ಬಣ್ಣದ ಪತ್ರಿಕೆಗಳು ನೆನಪಿರುತ್ತವೆ. ಕಾಗದ ನುಣುಪಾಗಿದ್ದುದರಿಂದ ನೋಟ್‌ಬುಕ್ಕಿಗೆ ಹೊದಿಕೆ ಹಾಕಲು ಅದಕ್ಕೆ ಸಾಟಿಯಿರಲಿಲ್ಲ. ಗೋಧಿ ಹೊಲ, ಕಟಾವಿನ ಯಂತ್ರ, ಕೆನ್ನೆ ಕೆಂಪಾದ ಹಾಲು ಕರೆಯುವ ಹೆಂಗಸರು. ಆಮೇಲೆ 1990ರ ಸುಮಾರಿಗೆ ಟೆಲಿವಿಷನ್ನಿನಲ್ಲಿ ಬಂದದ್ದು ಬರಿದಾದ ಕಪಾಟುಗಳು ಮತ್ತು ಹಿಮದಲ್ಲಿ ನಿಂತ ಉದ್ದನೆಯ ಸಾಲುಗಳು. ಎರಡೂ ಕ್ಯಾಮೆರಾ ಕಂಡ ದೃಶ್ಯಗಳೇ. ಆದರೆ ಸಂಜೆ ಆರರ ಮೇಲೆ ಒಂದು ಮನೆಯ ಮೇಜಿನ ಮೇಲೆ ಏನಿತ್ತು, ಅದು ಯಾರ ಕೈಯಿಂದ ಯಾರ ಕೈಗೆ ದಾಟಿ ಅಲ್ಲಿಗೆ ಬಂತು ಎಂಬುದು ಎರಡರಲ್ಲೂ ಇಲ್ಲ.

ಮೊದಲು ಬೆಲೆಯ ವಿಚಾರ, ಏಕೆಂದರೆ ಗಂಟು ಇರುವುದೇ ಅಲ್ಲಿ. ಬ್ರೆಡ್, ಹಾಲು, ಮಾಂಸ ಎಲ್ಲದರ ಬೆಲೆಯನ್ನೂ ಸರ್ಕಾರ ನಿಗದಿ ಮಾಡುತ್ತಿತ್ತು ಮತ್ತು ವರ್ಷಗಟ್ಟಲೆ ಬದಲಿಸುತ್ತಿರಲಿಲ್ಲ. ಸಂಬಳ ಮಾತ್ರ ನಿಧಾನವಾಗಿ ಏರುತ್ತಿತ್ತು. 1980ರ ಹೊತ್ತಿಗೆ ಸರಾಸರಿ ತಿಂಗಳ ಸಂಬಳ ಸುಮಾರು 170 ರೂಬಲ್. ಒಂದು ಕಿಲೋ ಗೋಮಾಂಸಕ್ಕೆ ಸರ್ಕಾರಿ ದರ ಸುಮಾರು 2 ರೂಬಲ್. ಆ ಮಾಂಸವನ್ನು ಉತ್ಪಾದಿಸಲು ಅದಕ್ಕಿಂತ ಹೆಚ್ಚು ಖರ್ಚಾಗುತ್ತಿತ್ತು, ಮಿಕ್ಕದ್ದನ್ನು ಬೊಕ್ಕಸ ತುಂಬಿಕೊಡುತ್ತಿತ್ತು. ಅಂದರೆ ಜನರ ಜೇಬಿನಲ್ಲಿ ಹಣವಿದೆ, ಬೆಲೆ ಕಡಿಮೆಯಿದೆ, ಮಾಲು ಸಾಲದು. ಇಂಥ ಕಡೆ ಸರಕು ಬಂದ ಗಳಿಗೆಯಲ್ಲೇ ಕರಗುತ್ತದೆ. ಕಪಾಟು ಖಾಲಿ ಇದ್ದುದಕ್ಕೆ ದೇಶದಲ್ಲಿ ಮಾಂಸವೇ ಇರಲಿಲ್ಲ ಎಂಬುದು ಕಾರಣವಲ್ಲ. ಆ ಬೆಲೆಗೆ ಅದು ಕಪಾಟಿನ ಮೇಲೆ ಉಳಿಯಲು ಸಾಧ್ಯವಿರಲಿಲ್ಲ.

ನಮ್ಮ ನ್ಯಾಯಬೆಲೆ ಅಂಗಡಿಯನ್ನು ನೆನೆದರೆ ಅರ್ಧ ಚಿತ್ರ ಸಿಗುತ್ತದೆ: ಕಡಿಮೆ ದರ, ಸಾಲು, 'ಇವತ್ತು ಸ್ಟಾಕ್ ಬಂದಿಲ್ಲ'. ವ್ಯತ್ಯಾಸ ಇಷ್ಟೇ. ನಮ್ಮಲ್ಲಿ ಆ ಅಂಗಡಿಯ ಪಕ್ಕದಲ್ಲೇ ಶೆಟ್ಟರ ಅಂಗಡಿ ಇರುತ್ತಿತ್ತು, ದುಡ್ಡು ಕೊಟ್ಟರೆ ಅಕ್ಕಿ ಸಿಗುತ್ತಿತ್ತು. ಅಲ್ಲಿ ಊರಿನ ಎಲ್ಲ ಅಂಗಡಿಗಳೂ ನ್ಯಾಯಬೆಲೆ ಅಂಗಡಿಗಳೇ. ಹೊರಗೆ ಉಳಿದದ್ದು ರೈತರು ತಮ್ಮ ಸ್ವಂತ ತುಂಡು ನೆಲದಲ್ಲಿ ಬೆಳೆದದ್ದನ್ನು ಮಾರುವ ಕೊಲ್ಖೋಜ್ (ಸಾಮೂಹಿಕ ಕೃಷಿಕರ) ಮಾರುಕಟ್ಟೆ ಒಂದೇ. ಅಲ್ಲಿ ಒಳ್ಳೆಯ ಮಾಂಸ, ತಾಜಾ ಸೊಪ್ಪು ಎಲ್ಲ ಇತ್ತು, ಎರಡು ಮೂರು ಪಟ್ಟು ಬೆಲೆಗೆ. ಮಗುವಿಗೆ ಜ್ವರ ಬಂದಾಗ, ಮನೆಯಲ್ಲಿ ಮದುವೆಯಾದಾಗ ಜನ ಅಲ್ಲಿಗೆ ಹೋಗುತ್ತಿದ್ದರು.

ಹಾಗಾದರೆ ಬೆಲೆ ಏರಿಸಬಾರದಿತ್ತೇ? ಒಮ್ಮೆ ಏರಿಸಿ ನೋಡಿದರು. 1962ರ ಜೂನ್ 1ರಂದು ಮಾಂಸದ ದರವನ್ನು ಶೇ. 30ರಷ್ಟು, ಬೆಣ್ಣೆಯ ದರವನ್ನು ಶೇ. 25ರಷ್ಟು ಹೆಚ್ಚಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ದಕ್ಷಿಣ ರಷ್ಯಾದ ನೋವೊಚೆರ್ಕಾಸ್ಕ್ ನಗರದ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ಅದೇ ಹೊತ್ತಿಗೆ ಕೂಲಿಯನ್ನೂ ತಗ್ಗಿಸಿದ್ದರು. ಕಾರ್ಮಿಕರು ಗುಂಪುಗೂಡಿ 'ಇನ್ನು ಬದುಕುವುದು ಹೇಗೆ' ಎಂದಾಗ ಕಾರ್ಖಾನೆಯ ನಿರ್ದೇಶಕ, ಮಾಂಸಕ್ಕೆ ದುಡ್ಡಿಲ್ಲದಿದ್ದರೆ ಕರುಳು-ಯಕೃತ್ತು ತುಂಬಿದ ಕಡುಬು ತಿನ್ನಿ ಎಂದನಂತೆ. ಮರುದಿನ ಮೆರವಣಿಗೆ ನಗರದ ಚೌಕಕ್ಕೆ ಬಂತು, ಸೈನಿಕರು ಗುಂಡು ಹಾರಿಸಿದರು. 26 ಮಂದಿ ಸತ್ತರು. ಆಮೇಲೆ ವಿಚಾರಣೆ ನಡೆದು ಏಳು ಜನರಿಗೆ ಮರಣದಂಡನೆಯಾಯಿತು. ಹೆಣಗಳನ್ನು ಬೇರೆ ಬೇರೆ ಸ್ಮಶಾನಗಳಲ್ಲಿ ಗುಟ್ಟಾಗಿ ಹೂತರು. ಗೋರ್ಬಚೇವ್ ಕಾಲದವರೆಗೂ ದೇಶಕ್ಕೆ ಈ ಸುದ್ದಿ ಅಧಿಕೃತವಾಗಿ ತಿಳಿಯಲಿಲ್ಲ. ಆದರೆ ಆಳುವವರಿಗೆ ಪಾಠ ಚೆನ್ನಾಗಿ ತಲೆಗೆ ಹತ್ತಿತು. ಮುಂದಿನ ಸುಮಾರು ಮೂರು ದಶಕ ಬ್ರೆಡ್, ಹಾಲು, ಸಾಮಾನ್ಯ ಮಾಂಸದ ಬೆಲೆ ಮುಟ್ಟುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಬೆಲೆಯ ಬದಲು ಸಾಲು ಉದ್ದವಾಯಿತು.

ಹಣಕ್ಕೆ ಬೆಲೆ ಇಲ್ಲದ ಕಡೆ ಬೇರೆ ಯಾವುದಕ್ಕೋ ಬೆಲೆ ಬರಲೇಬೇಕು. ಮೊದಲನೆಯದು ಊರು. ನಗರಗಳಿಗೆ ಪೂರೈಕೆಯಲ್ಲಿ ದರ್ಜೆಗಳಿದ್ದವು. ಮಾಸ್ಕೋ ಮತ್ತು ಲೆನಿನ್‌ಗ್ರಾದ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ತುದಿಯಲ್ಲಿ, ಸಣ್ಣ ಕೈಗಾರಿಕಾ ಪಟ್ಟಣಗಳು ಕೆಳಗೆ. ಸುತ್ತಲಿನ ಪ್ರಾಂತ್ಯಗಳಲ್ಲೇ ತಯಾರಾದ ಸಾಸೇಜ್ ಮಾಸ್ಕೋಗೆ ಹೋಗುತ್ತಿತ್ತು, ಅದನ್ನು ತಯಾರಿಸಿದ ಊರಿನ ಜನ ವಾರದ ಕೊನೆಯಲ್ಲಿ ರೈಲು ಹತ್ತಿ ಮಾಸ್ಕೋಗೆ ಹೋಗಿ ಅದನ್ನೇ ಚೀಲ ತುಂಬಾ ಹೊತ್ತು ತರುತ್ತಿದ್ದರು. 'ಉದ್ದಕ್ಕಿದೆ, ಹಸಿರು ಬಣ್ಣ, ಸಾಸೇಜ್ ವಾಸನೆ ಹೊಡೆಯುತ್ತದೆ, ಏನದು?' ಎಂಬ ಒಗಟಿಗೆ ಉತ್ತರ 'ಮಾಸ್ಕೋದಿಂದ ಹೊರಟ ರೈಲು'. ಈ ಒಗಟನ್ನು ಹೇಳದ ಸೋವಿಯತ್ ಕುಟುಂಬ ಬಹುಶಃ ಇಲ್ಲ.

ಎರಡನೆಯದು ಕೆಲಸದ ಜಾಗ. ದೊಡ್ಡ ಕಾರ್ಖಾನೆ, ಸಂಶೋಧನಾ ಸಂಸ್ಥೆ, ಸಚಿವಾಲಯಗಳು ಹಬ್ಬದ ಮುಂಚೆ ನೌಕರರಿಗೆ ಆಹಾರದ ಪೊಟ್ಟಣ ಕೊಡುತ್ತಿದ್ದವು. ಅದಕ್ಕೆ 'ಜಕಾಜ್' ಎಂದು ಹೆಸರು. ಒಂದು ಡಬ್ಬಿ ಹೊಗೆ ಹಾಕಿದ ಮೀನು, ಒಂದು ತುಂಡು ಒಣ ಸಾಸೇಜ್, ಕಾಫಿ ಪುಡಿ, ಒಂದು ಕಿಲೋ ಗ್ರೆಚ್ಕಾ ಎಂಬ ಕಾಳು. ಜೊತೆಗೆ ಯಾರಿಗೂ ಬೇಡವಾಗಿ ಗೋದಾಮಿನಲ್ಲಿ ಬಿದ್ದಿದ್ದ ಏನಾದರೊಂದು, ಅದನ್ನು ಬೇಡ ಎನ್ನುವಂತಿಲ್ಲ. ಮೇಲಿನ ಪಕ್ಷದ ಅಧಿಕಾರಿಗಳಿಗೆ ಹೊರಗೆ ಫಲಕವಿಲ್ಲದ ಬೇರೆಯೇ ಅಂಗಡಿಗಳು. ಕೆಲವೊಮ್ಮೆ ಪ್ರೊಫೆಸರ್‌ಗಿಂತ ಮಾಂಸದ ಅಂಗಡಿಯಲ್ಲಿ ಕತ್ತಿ ಹಿಡಿದವನು ಹೆಚ್ಚು ಗೌರವಸ್ಥ. ಏಕೆಂದರೆ ಹಿಂಬಾಗಿಲು ಅವನ ಕೈಯಲ್ಲಿದೆ.

ಮೂರನೆಯದು ಪರಿಚಯ. ಇದಕ್ಕೆ ಅವರ ಮಾತು 'ಬ್ಲಾತ್'. ಇದನ್ನು ಲಂಚ ಎಂದುಕೊಂಡರೆ ತಪ್ಪಾಗುತ್ತದೆ, ಏಕೆಂದರೆ ಹಣ ಸಾಮಾನ್ಯವಾಗಿ ಕೈ ಬದಲಾಯಿಸುತ್ತಿರಲಿಲ್ಲ. ದಂತವೈದ್ಯೆ ಅಂಗಡಿಯವಳ ಮಗಳ ಹಲ್ಲನ್ನು ಸರದಿ ಇಲ್ಲದೆ ನೋಡುತ್ತಾಳೆ. ಮುಂದಿನ ತಿಂಗಳು ಆಕೆಗೆ ಕಟ್ಟೆಯ ಕೆಳಗಿನಿಂದ ಎರಡು ಡಬ್ಬಿ ಹಸಿರು ಬಟಾಣಿ ಬರುತ್ತದೆ. ಇಬ್ಬರೂ ಅದನ್ನು ಸ್ನೇಹ ಎಂದೇ ಕರೆಯುತ್ತಾರೆ, ಸುಳ್ಳೂ ಅಲ್ಲ. ಆ ಕಾಲದ ಸ್ನೇಹ ಎಷ್ಟು ಗಟ್ಟಿಯಾಗಿತ್ತು ಎಂದು ಹಳಬರು ಇಂದಿಗೂ ಹೇಳುತ್ತಾರಲ್ಲ, ಅದರಲ್ಲಿ ಈ ಬಟಾಣಿಯ ಪಾಲೂ ಇದೆ ಎಂದು ನನ್ನ ಅನುಮಾನ.

ಹೀಗೆ ಎಲ್ಲಿ ಏನು ಸಿಕ್ಕಿದರೂ ಬೇಕಾದದ್ದಕ್ಕಿಂತ ಹೆಚ್ಚು ಹಿಡಿದಿಡುವುದು ರೂಢಿಯಾಯಿತು. ಇವತ್ತು ಸಕ್ಕರೆ ಇದೆ, ನಾಳೆ ಇರುತ್ತದೋ ಇಲ್ಲವೋ. ಎಲ್ಲರೂ ಹಾಗೆ ಮಾಡಿದಾಗ ಅಂಗಡಿ ಇನ್ನೂ ಬೇಗ ಬರಿದಾಗುತ್ತದೆ, ಮಾಲು ಮನೆಗಳ ಒಳಗೆ ಹೋಗಿ ಕೂರುತ್ತದೆ. ದೇಶದ ದಾಸ್ತಾನು ಗೋದಾಮಿನಲ್ಲಲ್ಲ, ಮಂಚದ ಕೆಳಗೆ, ಬಾಲ್ಕನಿಯಲ್ಲಿ, ಬೀರುವಿನ ಮೇಲೆ. ನಾಲ್ಕನೆಯ ಕೊಂಡಿಗೆ ಉತ್ತರ ಇದು.

ಸಾಲಿನಲ್ಲಿ ನಿಲ್ಲುತ್ತಿದ್ದವರು ಯಾರು? ಬಹುಪಾಲು ಹೆಂಗಸರು ಮತ್ತು ಅಜ್ಜಿಯರು. ಸಾಲಿಗೆ ಅದರದೇ ನಿಯಮಗಳಿದ್ದವು. ಬಂದವರು ಮೊದಲು 'ಕೊನೆಯವರು ಯಾರು' ಎಂದು ಕೇಳುತ್ತಾರೆ. ಏನು ಮಾರುತ್ತಿದ್ದಾರೆ ಎಂದಲ್ಲ, 'ಏನು ಕೊಡುತ್ತಿದ್ದಾರೆ' ಎನ್ನುತ್ತಾರೆ. ದೊಡ್ಡ ಸಾಲಾದರೆ ಅಂಗೈ ಮೇಲೆ ಪೆನ್ನಿನಿಂದ ಸಂಖ್ಯೆ ಬರೆದುಕೊಳ್ಳುವುದು, ಒಂದು ಸಾಲಿನಲ್ಲಿ ಜಾಗ ಹಿಡಿದು ಪಕ್ಕದ ಇನ್ನೊಂದಕ್ಕೆ ಹೋಗಿ ಬರುವುದು. ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿದರೆ ಮಕ್ಕಳನ್ನೂ ಕರೆತಂದು ನಿಲ್ಲಿಸುವುದು. ಕೈಚೀಲದ ಮೂಲೆಯಲ್ಲಿ ಮುದುಡಿದರೆ ಮುಷ್ಟಿಯೊಳಗೆ ಅಡಗುವ ಒಂದು ಬಲೆಚೀಲ, ಅವೋಸ್ಕಾ, ಯಾವಾಗಲೂ ಇರುತ್ತಿತ್ತು. ಸಿಕ್ಕರೂ ಸಿಗಬಹುದು ಎಂದು.

ವಿಪರ್ಯಾಸವೆಂದರೆ ಈ ವ್ಯವಸ್ಥೆ ಹೆಂಗಸರನ್ನು ಅಡುಗೆಮನೆಯಿಂದ ಬಿಡಿಸುತ್ತೇನೆಂದು ಹೊರಟಿತ್ತು. 1919ರಲ್ಲಿ ಲೆನಿನ್ ಸಾರ್ವಜನಿಕ ಊಟದ ಮನೆ ಮತ್ತು ಶಿಶುವಿಹಾರಗಳನ್ನು ಕಮ್ಯುನಿಸಂನ ಮೊಳಕೆಗಳೆಂದು ಕರೆದಿದ್ದ. 1925ರಲ್ಲಿ ಇವಾನೊವೊ-ವೊಜ್ನೆಸೆನ್ಸ್ಕ್ ಎಂಬ ಜವಳಿ ನಗರದಲ್ಲಿ ಮೊದಲ 'ಅಡುಗೆ ಕಾರ್ಖಾನೆ' ತೆರೆಯಿತು. ಯಂತ್ರಗಳಿಂದ ಸಾವಿರಾರು ಜನರಿಗೆ ಊಟ. ಕನಸು ಕೆಟ್ಟದ್ದೇನಲ್ಲ. ಆದರೆ ಕ್ಯಾಂಟೀನಿನ ನೀರು ಸಾರು ತಿಂದವರು ಮನೆಗೆ ಬಂದು ಮತ್ತೆ ಒಲೆ ಹಚ್ಚಿದರು. ಹೆಂಗಸರಿಗೆ ಕಾರ್ಖಾನೆಯ ಪಾಳಿ ಒಂದು, ಸಾಲು ಒಂದು, ಒಲೆ ಒಂದು. ಗಂಡಸರು ದಿನಪತ್ರಿಕೆ ಓದುತ್ತಿದ್ದರು.

ಆ ಒಲೆಯಾದರೂ ಸ್ವಂತದ್ದೇ? ಐವತ್ತರ ದಶಕದವರೆಗೆ ನಗರವಾಸಿಗಳಲ್ಲಿ ಬಹಳ ಮಂದಿ ಇದ್ದದ್ದು ಕೊಮುನಾಲ್ಕಾಗಳಲ್ಲಿ. ಕ್ರಾಂತಿಯ ಮುಂಚಿನ ಶ್ರೀಮಂತರ ದೊಡ್ಡ ಮನೆಯನ್ನು ಹಂಚಿ, ಕೋಣೆಗೊಂದು ಕುಟುಂಬ. ಅಡುಗೆಮನೆ ಒಂದೇ. ಪ್ರತಿ ಕುಟುಂಬಕ್ಕೆ ಅಲ್ಲಿ ಅದರದೇ ಮೇಜು, ಸೀಮೆಎಣ್ಣೆಯ ಪ್ರೈಮಸ್ ಒಲೆ, ಹಲವೆಡೆ ಬೇರೆ ಬೇರೆ ಬಲ್ಬು ಮತ್ತು ಸ್ವಿಚ್ಚು. ಯಾರ ಮನೆಯಲ್ಲಿ ಇವತ್ತು ಕೋಳಿ ಎಂಬುದು ಎಲ್ಲರ ಮೂಗಿಗೂ ತಿಳಿಯುತ್ತದೆ. ಪಾತ್ರೆಗೆ ಯಾರೋ ಕೈ ಹಾಕಿದರೆಂಬ ಜಗಳ, ಅದೇ ನೆರೆಯವಳು ಜ್ವರದ ಮಗುವಿಗೆ ಗಂಜಿ ಕಾಯಿಸಿಕೊಟ್ಟ ಉಪಕಾರ, ಅವಳೇ ಪೊಲೀಸರಿಗೆ ಪತ್ರ ಬರೆದಳೇನೋ ಎಂಬ ಭಯ, ಮೂರೂ ಒಂದೇ ಸೂರಿನ ಕೆಳಗೆ. 1957ರ ಜುಲೈ 31ರ ನಿರ್ಣಯದಿಂದ, ಸ್ಟಾಲಿನ್ ನಂತರ ದೇಶ ಆಳಿದ ಖ್ರುಶ್ಚೇವ್ ಆರಂಭಿಸಿದ ಸಾಮೂಹಿಕ ವಸತಿ ನಿರ್ಮಾಣ ಇದನ್ನು ಬದಲಿಸಿತು. ಐದು ಮಹಡಿಯ, ತೆಳು ಗೋಡೆಯ ಕಟ್ಟಡಗಳಲ್ಲಿ ಅಡುಗೆಮನೆ ಐದಾರು ಚದರ ಮೀಟರ್, ಎದ್ದು ನಿಂತರೆ ಎಲ್ಲವೂ ಕೈಗೆಟಕುತ್ತದೆ. ಕಿಟಕಿಯ ಕೆಳಗೆ ಹೊರಗೋಡೆಯನ್ನು ತೆಳುವಾಗಿಸಿ ಮಾಡಿದ ಗೂಡು ಚಳಿಗಾಲದಲ್ಲಿ ಫ್ರಿಜ್ ಆಗುತ್ತಿತ್ತು. ಅದಿಲ್ಲದ ಹಳೆಯ ಮನೆಗಳಲ್ಲಿ ಮಾಂಸವನ್ನು ಬಲೆಚೀಲದಲ್ಲಿಟ್ಟು ಕಿಟಕಿಯ ಹೊರಗೆ ನೇತುಹಾಕುತ್ತಿದ್ದರು.

ಮನೆ ಚಿಕ್ಕದಾದರೂ ಬಾಗಿಲು ಮುಚ್ಚಬಹುದಿತ್ತು. ದೇಶದ ಮುಕ್ತ ಮಾತು ಆ ಮುಚ್ಚಿದ ಬಾಗಿಲ ಹಿಂದೆ ಬೆಳೆಯಿತು. ಚಹಾ, ಹುಳಿ ಬರಿಸಿದ ಎಲೆಕೋಸು, ಅರ್ಧ ಬಾಟಲಿ ವೋಡ್ಕಾ, ಮಧ್ಯರಾತ್ರಿಯವರೆಗೆ ಮಾತು. ಅನುಮಾನ ಬಂದರೆ ರೇಡಿಯೋ ದನಿ ಜೋರು. ನಿಷೇಧಿತ ಕವಿತೆಗಳನ್ನು ಕಾರ್ಬನ್ ಕಾಗದವಿಟ್ಟು ಟೈಪ್ ಮಾಡುತ್ತಿದ್ದುದೂ ಇಂಥ ಮೇಜುಗಳ ಮೇಲೆ.

ಇನ್ನು ಹಸಿವು. ಅದನ್ನು ಬಿಟ್ಟರೆ ಸೋವಿಯತ್ ಊಟದ ಮೇಜು ಅರ್ಥವಾಗುವುದಿಲ್ಲ. ಎಪ್ಪತ್ತರ ದಶಕದ ಅಜ್ಜಿ ಬ್ರೆಡ್ಡಿನ ಪುಡಿಯನ್ನು ಅಂಗೈಗೆ ಒರೆಸಿಕೊಂಡು ಬಾಯಿಗೆ ಹಾಕಿಕೊಳ್ಳುವುದನ್ನು ಮೊಮ್ಮಕ್ಕಳು ನೋಡುತ್ತಿದ್ದರು. ಏಕೆ ಎಂದು ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ.

1929ರಿಂದ ಸ್ಟಾಲಿನ್ ಸರ್ಕಾರ ರೈತರ ಭೂಮಿ, ದನ, ನೇಗಿಲುಗಳನ್ನು ಸಾಮೂಹಿಕ ಕೃಷಿಗೆ ಸೇರಿಸಿತು. ನಗರಗಳಿಗೂ ವಿದೇಶಕ್ಕೂ ಧಾನ್ಯ ಬೇಕಿತ್ತು. ಯಂತ್ರ ಕೊಳ್ಳಲು ಧಾನ್ಯವೇ ವಿದೇಶಿ ವಿನಿಮಯ. ಬೆಳೆ ಕುಸಿದಾಗಲೂ ವಸೂಲಿಯ ಗುರಿ ಇಳಿಯಲಿಲ್ಲ. 1932ರ ಆಗಸ್ಟ್ 7ರ ಕಾನೂನಿನ ಪ್ರಕಾರ ಸಾಮೂಹಿಕ ಹೊಲದಿಂದ ತೆನೆ ಆಯ್ದುಕೊಂಡವರಿಗೂ ಹತ್ತು ವರ್ಷ ಸೆರೆ ಅಥವಾ ಗುಂಡು. ಅದೇ ವರ್ಷದ ಕೊನೆಗೆ ಬಂದ ಆಂತರಿಕ ಪಾಸ್‌ಪೋರ್ಟ್ ನಗರದವರಿಗೆ ಸಿಕ್ಕಿತು, ಹಳ್ಳಿಯವರಿಗೆ ಸಿಗಲಿಲ್ಲ. 1933ರ ಜನವರಿಯಲ್ಲಿ ಉಕ್ರೇನಿನ ರೈತರು ಅನ್ನ ಹುಡುಕಿಕೊಂಡು ಗಡಿ ದಾಟದಂತೆ ರೈಲ್ವೆ ಟಿಕೆಟ್ ಮಾರಾಟವನ್ನೇ ತಡೆದರು. ಉಕ್ರೇನಿನಲ್ಲಿ ಸತ್ತವರು 35ರಿಂದ 40 ಲಕ್ಷದಷ್ಟು ಎಂಬುದು ಇಂದಿನ ಬಹುಪಾಲು ಜನಸಂಖ್ಯಾ ತಜ್ಞರ ಅಂದಾಜು. ಕಜಾಕ್‌ಸ್ತಾನದಲ್ಲಿ ದನಗಾಹಿಗಳ ಹಿಂಡುಗಳನ್ನು ಕಿತ್ತುಕೊಂಡು ಒಂದೆಡೆ ನೆಲೆ ನಿಲ್ಲಿಸಲು ಹೊರಟಾಗ ಇನ್ನೂ ಸುಮಾರು 15 ಲಕ್ಷ. 1937ರಲ್ಲಿ ಜನಗಣತಿ ನಡೆಸಿದಾಗ ಜನರು ಕಡಿಮೆಯಾದದ್ದು ಎದ್ದು ಕಂಡಿತು. ಸರ್ಕಾರ ಆ ಗಣತಿಯನ್ನೇ ರದ್ದು ಮಾಡಿ ಅದನ್ನು ನಡೆಸಿದ ಅಧಿಕಾರಿಗಳನ್ನು ಬಂಧಿಸಿತು.

ಅದೇ ವರ್ಷಗಳಲ್ಲಿ ಪಟ್ಟಣಗಳಲ್ಲಿ 'ತೋರ್ಗ್ಸಿನ್' ಎಂಬ ಅಂಗಡಿಗಳಿದ್ದವು. ಮೊದಲು ವಿದೇಶಿಯರಿಗೆಂದು ತೆರೆದ ಇವು ಬಲು ಬೇಗ ಸ್ವದೇಶದ ಹಸಿದವರಿಗೂ ಬಾಗಿಲು ತೆರೆದವು. ಮದುವೆಯ ಉಂಗುರ, ಕತ್ತಿನ ಶಿಲುಬೆ, ಬೆಳ್ಳಿಯ ಚಮಚ ತೂಗಿಸಿ ಹಿಟ್ಟು ತರಬಹುದಿತ್ತು. 1936ರಲ್ಲಿ ಮುಚ್ಚುವವರೆಗೆ ಹೀಗೆ ಟನ್‌ಗಟ್ಟಲೆ ಚಿನ್ನ ಬೊಕ್ಕಸ ಸೇರಿತು. ಒಂದು ಮನೆತನದಲ್ಲಿ ಮುತ್ತಜ್ಜಿಯ ಒಡವೆ ಒಂದೂ ಉಳಿದಿಲ್ಲ ಎಂದರೆ ಅದರ ಹಿಂದೆ ಎರಡು ಮೂಟೆ ಹಿಟ್ಟಿನ ಕಥೆ ಇರಬಹುದು. ಹೇಳಿದವರು ಮಾತ್ರ ಕಡಿಮೆ. ಬರಗಾಲವೇ ನಡೆದಿಲ್ಲ ಎಂದು ಸರ್ಕಾರ ಹೇಳುತ್ತಿದ್ದಾಗ ಅದನ್ನು ಮಕ್ಕಳಿಗೆ ಹೇಳುವುದು ಅಪಾಯ. ಮಗು ಶಾಲೆಯಲ್ಲಿ ಬಾಯಿ ಬಿಟ್ಟರೆ? ಹೀಗೆ ಒಂದಿಡೀ ತಲೆಮಾರಿನ ನೆನಪು ಮಾತಾಗದೆ ಅಭ್ಯಾಸವಾಗಿ ಉಳಿಯಿತು: ತಟ್ಟೆ ಖಾಲಿ ಮಾಡು, ಬ್ರೆಡ್ಡನ್ನು ತಲೆಕೆಳಗಾಗಿ ಇಡಬೇಡ, ಹೊರಗೆ ಹೊರಟರೆ ಚೀಲದಲ್ಲಿ ಒಂದು ಒಣ ತುಂಡು ಇರಲಿ.

ಲೆನಿನ್‌ಗ್ರಾದಿನ ಹಸಿವಿನ ಬಗ್ಗೆ ಮಾತಾಡಬಹುದಿತ್ತು, ಏಕೆಂದರೆ ಶತ್ರು ಹೊರಗಿನವನು. 1941ರ ಸೆಪ್ಟೆಂಬರ್ 8ರಿಂದ 1944ರ ಜನವರಿ 27ರವರೆಗೆ ಜರ್ಮನ್ ಮತ್ತು ಫಿನ್ನಿಷ್ ಸೇನೆಗಳು ನಗರವನ್ನು ಸುತ್ತುವರಿದಿದ್ದವು. 1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಮಕ್ಕಳು, ಮುದುಕರು, ಕಚೇರಿ ನೌಕರರಿಗೆ ದಿನಕ್ಕೆ 125 ಗ್ರಾಂ ಬ್ರೆಡ್, ಕಾರ್ಮಿಕರಿಗೆ 250 ಗ್ರಾಂ. ಅದರಲ್ಲೂ ಹಿಟ್ಟಿನ ಜೊತೆ ಹತ್ತಿಬೀಜದ ಹಿಂಡಿ, ಮರದ ಸೆಲ್ಯುಲೋಸ್. ಮೊದಲ ದಿನವೇ ಬಾಂಬಿಗೆ ಸುಟ್ಟ ಬದಾಯೆವ್ ಗೋದಾಮಿನ ಸಕ್ಕರೆ ಕರಗಿ ಇಂಗಿದ ಮಣ್ಣನ್ನು ಅಗೆದು ನೀರಿನಲ್ಲಿ ಕದಡಿ ಕುಡಿದರು. ಬಡಗಿಗಳ ಅಂಟನ್ನು ಕುದಿಸಿ ತಣಿಸಿ ತಿಂದರು. ಅಧಿಕೃತ ಲೆಕ್ಕವೇ ಸತ್ತವರ ಸಂಖ್ಯೆಯನ್ನು ಆರು ಲಕ್ಷಕ್ಕೂ ಮೇಲೆ ಇಡುತ್ತದೆ.

ಆ ನಗರದ ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ ನಿಕೊಲಾಯ್ ವವಿಲೋವ್ ಜಗತ್ತು ಸುತ್ತಿ ಕೂಡಿಸಿದ ಬೀಜಗಳಿದ್ದವು: ಭತ್ತ, ಗೋಧಿ, ಕಡಲೆಕಾಯಿ, ಆಲೂಗಡ್ಡೆ. ಅವುಗಳನ್ನು ಕಾಯುತ್ತಿದ್ದ ವಿಜ್ಞಾನಿಗಳಲ್ಲಿ ಹಲವರು ಬೀಜವನ್ನು ಮುಟ್ಟದೆ ಹಸಿವಿನಿಂದ ಸತ್ತರು; ಭತ್ತದ ತಜ್ಞರೊಬ್ಬರು ಸತ್ತಾಗ ಸುತ್ತ ಸಾವಿರಾರು ಪೊಟ್ಟಣ ಭತ್ತವಿತ್ತು. ವವಿಲೋವ್ ಆಗ ಸ್ಟಾಲಿನ್‌ನ ಸೆರೆಯಲ್ಲಿದ್ದರು. 1943ರ ಜನವರಿಯಲ್ಲಿ ಸರಾತೋವ್ ಜೈಲಿನಲ್ಲಿ ಅವರೂ ಹಸಿವಿನಿಂದಲೇ ತೀರಿಕೊಂಡರು. ಮುತ್ತಿಗೆಯ ನೆನಪಿಗೂ ಪೂರ್ತಿ ಬಿಡುಗಡೆ ಇರಲಿಲ್ಲ. ನಗರದ ಜನ ಕಟ್ಟಿಕೊಂಡ ಮುತ್ತಿಗೆ ವಸ್ತುಸಂಗ್ರಹಾಲಯವನ್ನು 1949ರಲ್ಲಿ ಮುಚ್ಚಿಸಿದರು. ಶೌರ್ಯಕ್ಕೆ ಅನುಮತಿ ಇತ್ತು, ಅಂಟಿನ ಗಂಜಿಗೆ ಇರಲಿಲ್ಲ.

ಇಂಥ ದೇಶದಲ್ಲಿ 1939ರಲ್ಲಿ ಒಂದು ಬಣ್ಣದ ಅಡುಗೆ ಪುಸ್ತಕ ಬಂತು, 'ರುಚಿಕರ ಮತ್ತು ಆರೋಗ್ಯಕರ ಆಹಾರದ ಪುಸ್ತಕ'. ಅದರ ಹಿಂದಿದ್ದವನು ಆಹಾರ ಉದ್ಯಮದ ಕಮಿಸಾರ್ (ಸಚಿವ) ಆಗಿದ್ದ ಅನಸ್ತಾಸ್ ಮಿಕೊಯಾನ್. 1936ರಲ್ಲಿ ಅಮೆರಿಕಕ್ಕೆ ಹೋಗಿ ಐಸ್‌ಕ್ರೀಂ ಯಂತ್ರ, ಟೊಮೆಟೊ ರಸ, ಡಬ್ಬಿ ಆಹಾರ, ಯಂತ್ರದಲ್ಲಿ ತಯಾರಾಗುವ ಮಾಂಸದ ಕಟ್ಲೆಟ್ ಎಲ್ಲವನ್ನೂ ನೋಡಿ ಕಲಿತು ಬಂದ ಚತುರ. ಅದೇ ವರ್ಷ 'ಡಾಕ್ಟರ್ ಸಾಸೇಜ್' ಹುಟ್ಟಿತು: ನೂರು ಕಿಲೋಗೆ 70 ಕಿಲೋ ಹಂದಿಮಾಂಸ, 25 ಕಿಲೋ ಗೋಮಾಂಸ, ಉಳಿದದ್ದು ಮೊಟ್ಟೆ, ಹಾಲು, ಆರೋಗ್ಯ ಕೆಟ್ಟವರ ಚೇತರಿಕೆಗೆಂದು ರೂಪಿಸಿದ್ದು, ಮುಂದೆ ಎಲ್ಲರ ಆಸೆಯ ತಿಂಡಿ. ಪುಸ್ತಕದ ಚಿತ್ರಗಳಲ್ಲಿ ಕ್ಯಾವಿಯರ್, ಸ್ಟರ್ಜನ್ ಮೀನು, ಹಣ್ಣಿನ ರಾಶಿ, ಶಾಂಪೇನ್. 1952ರ ಆವೃತ್ತಿಯಲ್ಲಿ ಸ್ಟಾಲಿನ್ ಮಾತುಗಳಿದ್ದವು, ಆತ ಸತ್ತ ಮೇಲೆ ಅವು ಮಾಯವಾದವು, ಕ್ಯಾವಿಯರ್ ಉಳಿಯಿತು. ಜನ ಅದನ್ನು ಕಥೆ ಪುಸ್ತಕ ಓದಿದಂತೆ ಓದಿದರು. ನಿಜವಾದ ಅಡುಗೆ ನಡೆಯುತ್ತಿದ್ದದ್ದು ಕೈಬರಹದ ನೋಟ್‌ಬುಕ್ಕಿನಿಂದ: ಅದಿಲ್ಲದಿದ್ದರೆ ಇದನ್ನು ಹಾಕಿ, ಬೆಣ್ಣೆ ಇಲ್ಲದಿದ್ದರೆ ಮಾರ್ಗರೀನ್. ಗಟ್ಟಿ ಹಾಲಿನ ಡಬ್ಬಿಯನ್ನು ಒಡೆಯದೆ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ ಮಿಠಾಯಿ ಮಾಡುವುದು, ನೀರು ಆರಿ ಡಬ್ಬಿ ಸಿಡಿದು ಛಾವಣಿಗೆ ಮೆತ್ತಿಕೊಳ್ಳುವುದು. ಈ ಕಥೆ ಇಲ್ಲದ ಮನೆ ಸಿಗುವುದು ಕಷ್ಟ.

'ಸೋವಿಯತ್ ಊಟ' ಎಂಬುದರಲ್ಲಿ ಅಪ್ಪಟ ರಷ್ಯನ್ ಆದದ್ದು ಅರ್ಧಕ್ಕಿಂತ ಕಡಿಮೆ. ಜಾರ್ಜಿಯಾದ ಖಾರ್ಚೊ ಸಾರು, ಉಜ್ಬೆಕ್ ಪಲಾವು ಕ್ಯಾಂಟೀನುಗಳಲ್ಲಿ ಎಲ್ಲೆಡೆ ಸಿಗುತ್ತಿದ್ದವು. ಇದನ್ನು ಜನಾಂಗಗಳ ಸ್ನೇಹ ಎಂದು ಸರ್ಕಾರ ಹೊಗಳುತ್ತಿತ್ತು. ಎರಡು ತಿನಿಸುಗಳ ಕಥೆ ಬೇರೆಯೇ ಇದೆ. 1937ರಲ್ಲಿ ದೂರಪೂರ್ವದಲ್ಲಿದ್ದ ಸುಮಾರು 1.7 ಲಕ್ಷ ಕೊರಿಯನ್ನರನ್ನು, ಜಪಾನಿನ ಗೂಢಚಾರರಿರಬಹುದೆಂಬ ನೆಪದಲ್ಲಿ, ರೈಲಿಗೆ ತುಂಬಿ ಉಜ್ಬೆಕಿಸ್ತಾನ ಮತ್ತು ಕಜಾಕ್‌ಸ್ತಾನಕ್ಕೆ ಸಾಗಿಸಿದರು. ಅಲ್ಲಿ ಕಿಮ್ಚಿಗೆ ಬೇಕಾದ ಎಲೆಕೋಸು ಇಲ್ಲ, ಕ್ಯಾರೆಟ್ ಇದೆ. ಕ್ಯಾರೆಟ್ಟನ್ನೇ ಉದ್ದುದ್ದ ಸೀಳಿ, ಬೆಳ್ಳುಳ್ಳಿ, ಮೆಣಸಿನಪುಡಿ, ಕೊತ್ತಂಬರಿ ಬೀಜ, ವಿನೆಗರ್ ಬೆರೆಸಿ, ಕಾದ ಎಣ್ಣೆ ಸುರಿದರು. 'ಕೊರಿಯನ್ ಕ್ಯಾರೆಟ್' ಇಂದು ರಷ್ಯಾದ ಪ್ರತಿ ಮಾರುಕಟ್ಟೆಯಲ್ಲಿದೆ. ಕೊರಿಯಾದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಚೆಬುರೆಕ್, ಮಾಂಸ ತುಂಬಿ ಕರಿದ ದೊಡ್ಡ ಅರ್ಧಚಂದ್ರ. ಇದು ಕ್ರೈಮಿಯಾದ ತಾತಾರರ ತಿನಿಸು. 1944ರ ಮೇ 18ರಿಂದ ಮೂರು ದಿನಗಳಲ್ಲಿ ಆ ಇಡೀ ಜನಾಂಗವನ್ನು ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಿದರು, ಊರುಗಳ ಹೆಸರೂ ಬದಲಾಯಿಸಿದರು. ಚೆಬುರೆಕ್ ಅಂಗಡಿಗಳು ದೇಶದ ಬೀದಿ ಬೀದಿಯಲ್ಲಿ ನಡೆದವು. ತಿನ್ನುವವರಿಗೆ ಅದು ಯಾರದೆಂದು ಕೇಳುವ ಅಗತ್ಯ ಬೀಳಲಿಲ್ಲ.

ಅಂಗಡಿ ಕೊಡದದ್ದನ್ನು ನೆಲ ಕೊಡುತ್ತಿತ್ತು. 1949ರಿಂದ ಕಾರ್ಖಾನೆ ನೌಕರರಿಗೆ ನಗರದ ಹೊರಗೆ ತೋಟಕ್ಕೆಂದು ಜಾಗ ಹಂಚತೊಡಗಿದರು, ರೂಢಿಯಲ್ಲಿ 600 ಚದರ ಮೀಟರ್. ಅದರ ಮೇಲೊಂದು ಹಲಗೆಯ ಗುಡಿಸಲು, ಅದೇ ದಾಚಾ. ಶನಿವಾರ ಭಾನುವಾರ ಎಂಜಿನಿಯರುಗಳೂ ಶಿಕ್ಷಕಿಯರೂ ಬಗ್ಗಿ ಆಲೂಗಡ್ಡೆ ಅಗೆಯುತ್ತಿದ್ದರು. ಹಳ್ಳಿಗರ ಹಿತ್ತಲೂ ಸೇರಿ ಇಂಥ ಖಾಸಗಿ ತುಂಡುಗಳು ಬಿತ್ತನೆ ಭೂಮಿಯ ಶೇ. 3ರಷ್ಟು ಮಾತ್ರ, ಕೃಷಿ ಉತ್ಪನ್ನದ ಸುಮಾರು ಕಾಲುಭಾಗ ಬರುತ್ತಿದ್ದದ್ದು ಅವುಗಳಿಂದ. ಸಾಮೂಹಿಕ ಕೃಷಿಯ ಬಗ್ಗೆ ಇದಕ್ಕಿಂತ ಖಾರವಾದ ಟೀಕೆಯನ್ನು ಯಾವ ವಿರೋಧಿಯೂ ಬರೆದಿಲ್ಲ. ಆಗಸ್ಟ್ ಬಂದರೆ ಮೂರು ಲೀಟರ್ ಗಾಜಿನ ಜಾಡಿಗಳಲ್ಲಿ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಹಾಕಿ ಸೌತೆಕಾಯಿ ತುಂಬುವ ಕೆಲಸ. ಕಾಡಿನ ಅಣಬೆ ಒಣಗಿಸಬೇಕು, ಹಣ್ಣಿನ ಜಾಮ್ ಕಾಯಿಸಬೇಕು. ಚಳಿಗಾಲದಲ್ಲಿ ಯಾರಾದರೂ ದಿಢೀರನೆ ಬಂದರೆ ಮೇಜು ತುಂಬಬೇಕಲ್ಲ.

ಮೇಜು ನಿಜಕ್ಕೂ ತುಂಬಲೇಬೇಕಾದದ್ದು ಹೊಸ ವರ್ಷದ ರಾತ್ರಿ. ಕ್ರಿಸ್‌ಮಸ್ಸನ್ನು ಅಳಿಸಿದ ಸರ್ಕಾರ 1935ರ ಕೊನೆಯಲ್ಲಿ ಅದರ ಮರವನ್ನು ಮಾತ್ರ ಹೊಸ ವರ್ಷಕ್ಕೆಂದು ಮರಳಿ ಕೊಟ್ಟಿತ್ತು. ಆ ರಾತ್ರಿಗಾಗಿ ಬಟಾಣಿ ಡಬ್ಬಿ, ಮೆಯೊನೇಸ್ ಸೀಸೆಗಳನ್ನು ತಿಂಗಳುಗಟ್ಟಲೆ ಮೊದಲೇ ಅಡಗಿಸಿಡುತ್ತಿದ್ದರು, ಒಲಿವಿಯೆ ಸಲಾಡಿಗಾಗಿ. ಹತ್ತೊಂಬತ್ತನೇ ಶತಮಾನದ ಮಾಸ್ಕೋದ ದುಬಾರಿ ಹೋಟೆಲೊಂದರಲ್ಲಿ ಹುಟ್ಟಿದ ಈ ತಿನಿಸಿನ ಕಾಡುಕೋಳಿ ಮಾಂಸದ ಜಾಗಕ್ಕೆ ಈಗ ಡಾಕ್ಟರ್ ಸಾಸೇಜ್ ಬಂದಿತ್ತು. ಜೊತೆಗೆ ಅಬ್ಖಾಜಿಯಾದ ಕಿತ್ತಳೆಹಣ್ಣು. ಆ ತಲೆಮಾರಿನ ಅನೇಕರಿಗೆ ಕಿತ್ತಳೆ ಸಿಪ್ಪೆಯ ವಾಸನೆ ಎಂದರೆ ಇಂದಿಗೂ ಡಿಸೆಂಬರ್ 31.

ಹೀಗಾಗಿ 'ಆಗ ಹೇಗಿತ್ತು' ಎಂಬ ಪ್ರಶ್ನೆಗೆ ಒಂದೇ ಮನೆಯಲ್ಲಿ ಮೂರು ಉತ್ತರ ಬರುತ್ತದೆ. ಕೇಳುವಾಗ ಯಾವ ವರ್ಷ, ಯಾವ ಊರು, ಸಾಲಿನಲ್ಲಿ ನಿಂತವರು ಯಾರು ಎಂದು ಬಿಡಿಸಿ ಕೇಳುವುದು ಒಳ್ಳೆಯದು. 1975ರ ಮಾಸ್ಕೋದಲ್ಲಿ ಹತ್ತು ವರ್ಷದವನಾಗಿದ್ದವನಿಗೆ ಕೆಲವೇ ಕೊಪೆಕ್‌ಗಳ ಐಸ್‌ಕ್ರೀಂ ನೆನಪಿದೆ, ಅಮ್ಮ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಓಡಿದ್ದು ನೆನಪಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ. 1992ರ ಜನವರಿ 2ರಂದು ರಷ್ಯಾ ಬೆಲೆಗಳನ್ನು ಬಿಡುಗಡೆ ಮಾಡಿದಾಗ ಕೆಲವೇ ವಾರಗಳಲ್ಲಿ ಕಪಾಟುಗಳು ತುಂಬತೊಡಗಿದವು, ಆ ಒಂದು ವರ್ಷದಲ್ಲಿ ಬೆಲೆ ಸುಮಾರು 26 ಪಟ್ಟು ಏರಿತು, ಜೀವಮಾನದ ಉಳಿತಾಯ ಒಂದೆರಡು ತಿಂಗಳ ಸಾಮಾನಿಗೂ ಸಾಲದಾಯಿತು. ಅದನ್ನು ಅನುಭವಿಸಿದ ಪಿಂಚಣಿದಾರನಿಗೆ ಹಳೆಯ ಸಾಲು ಸಿಹಿಯಾಗಿ ಕಂಡರೆ ಆಶ್ಚರ್ಯವಿಲ್ಲ.

ಈ ಮೇಜಿನ ಮೇಲೆ ನಮ್ಮ ಪಾಲೂ ಇತ್ತು. ಆನೆಯ ಚಿತ್ರದ ಪೊಟ್ಟಣದಲ್ಲಿ ಬರುತ್ತಿದ್ದ ಭಾರತದ ಚಹಾ ಸೋವಿಯತ್ ಮನೆಗಳಲ್ಲಿ ಅತಿಥಿಗಳಿಗೆಂದು ತೆಗೆದಿಡುವ ವಸ್ತು; ಅದರಲ್ಲಿ ಜಾರ್ಜಿಯಾದ ಎಲೆಯೂ ಬೆರೆತಿರುತ್ತಿತ್ತು ಎಂಬುದು ಬೇರೆ ಮಾತು. ಹಬ್ಬದ ಪೊಟ್ಟಣದಲ್ಲಿ ಸಿಗುತ್ತಿದ್ದ ಕಾಫಿಯಲ್ಲೂ ಭಾರತದ್ದು ಸಾಕಷ್ಟಿತ್ತು. ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಎರಡೂ ದೇಶಗಳ ವ್ಯಾಪಾರ ಡಾಲರ್ ಇಲ್ಲದೆ ರೂಪಾಯಿ ಲೆಕ್ಕದಲ್ಲಿ ನಡೆಯುತ್ತಿದ್ದುದರಿಂದ ಗುಣಮಟ್ಟದ ಬಗ್ಗೆ ಹೆಚ್ಚು ಗೊಣಗದ ದೊಡ್ಡ ಗಿರಾಕಿ ನಮ್ಮ ಬೆಳೆಗಾರರಿಗೆ ಸಿಕ್ಕಿದ್ದ. ಇಲ್ಲಿಯೂ ಬೆಳೆದವರು ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. 1991ರ ಡಿಸೆಂಬರಿನಲ್ಲಿ ಒಕ್ಕೂಟ ಕಳಚಿಬಿದ್ದಾಗ ಆ ಗಿರಾಕಿ ಹಠಾತ್ತನೆ ಇಲ್ಲವಾದ. ಅಂತರರಾಷ್ಟ್ರೀಯ ಬೆಲೆಯೂ ಆಗ ನೆಲ ಕಚ್ಚಿತ್ತು. ಬೆಳೆಗಾರರ ಒತ್ತಾಯಕ್ಕೆ ಮಂಡಳಿಯ ಏಕಸ್ವಾಮ್ಯವನ್ನು 1992ರಿಂದ ಹಂತ ಹಂತವಾಗಿ ಸಡಿಲಿಸಿ, 1996ರ ಹೊತ್ತಿಗೆ ಕಾಫಿಯನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಮಾರಬಹುದೆಂದು ಬಿಟ್ಟರು. ರಷ್ಯಾ ಇಂದಿಗೂ ನಮ್ಮ ಕಾಫಿಯ ದೊಡ್ಡ ಗಿರಾಕಿಗಳಲ್ಲಿ ಒಂದು. ಈಗ ದರ ಚೌಕಾಶಿ ಮಾಡಿ ಕೊಳ್ಳುತ್ತದೆ.